ಇ-ರೀಡರ್ ಬಂತು, ಓದು ಹತ್ತುತ್ತಿಲ್ಲ. ಒಗ್ಗಿಸಿಕೊಂಡವರು ಹೇಳಿ

ಪುಟಮಡಿಕೆ

ಮನೆಯಲ್ಲಿ ಪುಸ್ತಕ ಇಡಲು ಇನ್ನು ಜಾಗ ಇಲ್ಲ ಅಂತ ಮಗಳು ಇ-ರೀಡರ್ ತಂದುಕೊಟ್ಟಿದ್ದಾಳೆ. ಆರು ಇಂಚಿನದು, ಕಪ್ಪು-ಬಿಳುಪು. ವಸ್ತುವಿನ ಬಗ್ಗೆ ದೂರಿಲ್ಲ. ಹಗುರವಾಗಿದೆ, ಬಿಸಿಲಲ್ಲಿ ಕೂತರೂ ಅಕ್ಷರ ಕಾಣುತ್ತದೆ. ಆದರೆ ಓದು ಹತ್ತುತ್ತಿಲ್ಲ. ಸ್ವಲ್ಪ ಹೊತ್ತಿಗೇ ಕೈ ತಾನಾಗಿ ಕಾಗದದ ಪುಸ್ತಕದ ಕಡೆ ಹೋಗುತ್ತದೆ.

ಪುಟ ತಿರುಗಿಸುವಾಗ ಆಗಾಗ ಇಡೀ ಪರದೆ ಕಪ್ಪಾಗಿ ಮಿಂಚುತ್ತದೆ. ಕೆಟ್ಟುಹೋಗಿದೆಯಾ ಅಂತ ಅನುಮಾನ. ಆಮೇಲೆ, ಪುಸ್ತಕದಲ್ಲಿ ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಕೆಳಗೆ "ಶೇ. 43" ಅಂತ ಬರೆದಿರುತ್ತದೆ. ಅದನ್ನು ಇಟ್ಟುಕೊಂಡು ಏನು ಮಾಡಲಿ? ಕಾಗದದಲ್ಲಾದರೆ "ಆ ಮಾತು ಎಡಗಡೆ ಪುಟದಲ್ಲಿ, ಕೆಳಗೆ ಎಲ್ಲೋ ಇತ್ತು" ಅಂತ ಹುಡುಕಿಬಿಡುತ್ತೇನೆ. ಇಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಇನ್ನು ನನ್ನ ಹತ್ತಿರ ಇರುವ ಫೈಲುಗಳೆಲ್ಲ ಪಿಡಿಎಫ್. ತೆರೆದರೆ ಅಕ್ಷರಗಳು ಇರುವೆ ಸಾಲು.

ಜೊತೆಗೆ ಕೈಗೊಂದು ಸ್ಮಾರ್ಟ್‌ವಾಚ್ ಬೇರೆ ಬಂದಿದೆ. ಅದರ ಕಾಟ ಆಮೇಲೆ ಹೇಳುತ್ತೇನೆ.

ಮಸಿಕುಡಿಕೆ

ಮಿಂಚುವುದು ಕೆಟ್ಟಿದ್ದಕ್ಕಲ್ಲ. ಆ ಪರದೆ ಕೆಲಸ ಮಾಡುವುದೇ ಹಾಗೆ.

ಫೋನಿನ ಪರದೆ ಬೆಳಕನ್ನು ಕಣ್ಣಿಗೆ ಬಿಡುತ್ತದೆ. ನಿಮ್ಮದರಲ್ಲಿ ಇರುವುದು ಎಲೆಕ್ಟ್ರಾನಿಕ್ ಮಸಿ. ಪರದೆಯ ತುಂಬ ಕೂದಲೆಳೆ ದಪ್ಪದ ಗುಳಿಗೆಗಳು. ಒಂದೊಂದರ ಒಳಗೂ ಎಣ್ಣೆಯಂಥ ದ್ರವ, ಅದರಲ್ಲಿ ಬಿಳಿ ಕಣ ಮತ್ತು ಕಪ್ಪು ಕಣ. ಬಿಳಿಯದು ಟೈಟಾನಿಯಂ ಡಯಾಕ್ಸೈಡ್, ಗೋಡೆಯ ಬಣ್ಣಕ್ಕೂ ಅದನ್ನೇ ಹಾಕುತ್ತಾರೆ. ಒಂದಕ್ಕೆ ಧನ ವಿದ್ಯುತ್, ಇನ್ನೊಂದಕ್ಕೆ ಋಣ. ಹಿಂದಿನಿಂದ ವಿದ್ಯುತ್ ಕೊಟ್ಟಾಗ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಇಳಿಯುತ್ತದೆ. ಹಾಗೆ ಮೂಡಿದ ಪುಟ ಕರೆಂಟ್ ನಿಂತರೂ ಅಲ್ಲೇ ಇರುತ್ತದೆ. ಚಾರ್ಜು ಪುಟ ಬದಲಾಗುವಾಗ ಮಾತ್ರ ಖರ್ಚು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಅದಕ್ಕೇ.

ಪುಟ ಬದಲಾಗುವಾಗ ಕೆಲವು ಕಣಗಳು ಪೂರ್ತಿ ಜಾಗ ಬಿಡುವುದಿಲ್ಲ. ಹಿಂದಿನ ಪುಟದ ನೆರಳು ಮಸುಕಾಗಿ ಉಳಿಯುತ್ತದೆ. ಆಗಾಗ ಎಲ್ಲವನ್ನೂ ಕಪ್ಪು ಮಾಡಿ, ಬಿಳಿ ಮಾಡಿ ಒರೆಸಿ ಹಾಕುತ್ತದೆ. ನೀವು ನೋಡುವ ಮಿಂಚು ಅದು. ಸೆಟ್ಟಿಂಗ್ಸ್‌ನಲ್ಲಿ "ಪೇಜ್ ರಿಫ್ರೆಶ್" ಅಂತ ಇರುತ್ತದೆ. ಪ್ರತಿ ಪುಟಕ್ಕೂ ಬೇಡ, ಅಧ್ಯಾಯಕ್ಕೊಮ್ಮೆ ಸಾಕು ಅಂತ ಕೆಲವು ಮಾದರಿಗಳಲ್ಲಿ ಹೇಳಬಹುದು.

ಇದು ಹೊಸ ವಿದ್ಯೆಯೇನಲ್ಲ. 1970ರ ದಶಕದಲ್ಲೇ ಜೆರಾಕ್ಸ್ ಕಂಪನಿಯ ಲ್ಯಾಬಿನಲ್ಲಿ ಸಣ್ಣ ಗುಂಡುಗಳು ಹೊರಳುವ ಕಾಗದ ಮಾಡಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಈ ಗುಳಿಗೆ ವಿಧಾನ ಹುಟ್ಟಿ, ಅದರಿಂದ 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯಿತು. 2004ರಲ್ಲಿ ಸೋನಿಯ ಲಿಬ್ರಿಯೆ ಎಂಬ ಇ-ರೀಡರ್, 2007ರಲ್ಲಿ ಅಮೆಜಾನ್‌ನ ಕಿಂಡಲ್. ಮೊದಲ ಕಿಂಡಲ್‌ನ ಪರದೆಯಲ್ಲಿ ಇಂಚಿಗೆ 167 ಚುಕ್ಕೆ. ಈಗ ಸಾಮಾನ್ಯವಾಗಿ 300. ಹಳೆಯದನ್ನು ನೋಡಿ "ಇದು ಕಣ್ಣಿಗೆ ಆಗಲ್ಲ" ಅಂತ ಬಿಟ್ಟವರು ಹೊಸದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಕಾಗದಪಕ್ಷ

ಇಷ್ಟೆಲ್ಲ ಯಾಕೆ? ವಾಪಸ್ ಕೊಟ್ಟುಬಿಡಿ. ಪರದೆಯಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಇ-ರೀಡರ್ ನಿದ್ದೆ ಕೆಡಿಸುತ್ತದೆ. ಸಂಶೋಧನೆಯೇ ಹೇಳಿದೆ.

ಅಡಿಟಿಪ್ಪಣಿ

ಯಾವ ಸಂಶೋಧನೆ, ಏನು ಹೇಳಿದೆ, ಸ್ವಲ್ಪ ಬಿಡಿಸಿ ನೋಡೋಣ. ಈ ಎರಡೂ ಮಾತು ಎಲ್ಲ ಕಡೆ ಓಡಾಡುತ್ತವೆ.

ನಿದ್ದೆಯದು 2014ರ ಕೊನೆಯಲ್ಲಿ ಬಂದ ಅಮೆರಿಕದ ಅಧ್ಯಯನ. ಹೆಸರಿನಲ್ಲೇ "ಇ-ರೀಡರ್" ಇದೆ. ಆದರೆ ಅವರು ಕೊಟ್ಟಿದ್ದು ಐಪ್ಯಾಡ್. ಅದೂ ಪೂರ್ತಿ ಬೆಳಕಿನಲ್ಲಿ, ಮಲಗುವ ಮುಂಚೆ ನಾಲ್ಕು ಗಂಟೆ ಹೊತ್ತು. ಓದಿದವರು 12 ಜನ. ಕಾಗದ ಓದಿದ ರಾತ್ರಿಗಳಿಗಿಂತ ಸುಮಾರು 10 ನಿಮಿಷ ತಡವಾಗಿ ನಿದ್ದೆ ಬಂತು. ಪುಟಮಡಿಕೆ ಅವರ ಕೈಯಲ್ಲಿರುವ ಮಸಿ ಪರದೆಯನ್ನು ಅಲ್ಲಿ ಪರೀಕ್ಷೆ ಮಾಡಲೇ ಇಲ್ಲ. ಮಸಿ ಪರದೆಗೆ ಬೆಳಕು ಬೀಳುವುದು ಅಂಚಿನ ದೀಪಗಳಿಂದ, ಪರದೆಯ ಮೇಲೆ. ಅಲ್ಲಿಂದ ತಿರುಗಿ ಕಣ್ಣಿಗೆ ಬರುತ್ತದೆ. ಅದನ್ನು ಬೇಕಾದಷ್ಟು ತಗ್ಗಿಸಬಹುದು. ಪೂರ್ತಿ ಆರಿಸಿ ಮೇಜಿನ ದೀಪದಲ್ಲೂ ಓದಬಹುದು.

ನೆನಪಿನ ವಿಷಯದಲ್ಲಿ ಕಾಗದಪಕ್ಷ ಅವರ ಮಾತಿಗೆ ಅರ್ಧ ಬಲ ಇದೆ. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. 1,70,000ಕ್ಕೂ ಜಾಸ್ತಿ ಓದುಗರು. ಮಾಹಿತಿ ತುಂಬಿದ ಪಠ್ಯ ಓದುವಾಗ, ಅದರಲ್ಲೂ ಹೊತ್ತಿನ ಒತ್ತಡ ಇದ್ದಾಗ, ಕಾಗದ ಮುಂದೆ. ಬರೀ ಕಥೆಯಾದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು 2019ರದು, ನೇರವಾಗಿ ಕಿಂಡಲ್ ಮತ್ತು ಕಾಗದ. 50 ಜನ, 28 ಪುಟದ ಒಂದೇ ಪತ್ತೇದಾರಿ ಕಥೆ. ಹೆಚ್ಚಿನ ಪ್ರಶ್ನೆಗಳಲ್ಲಿ ಇಬ್ಬರೂ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಅನ್ನುವಲ್ಲಿ ಕಾಗದದವರು ಚುರುಕು.

ಮೇಲೆ ಕೇಳಿದ "ಎಡವೂ ಇಲ್ಲ, ಬಲವೂ ಇಲ್ಲ" ಅನ್ನುವ ದೂರು ಇದಕ್ಕೆ ಹತ್ತಿರದ್ದು. ಓದಿದ ಭಾಗ ಎಡಗೈಯಲ್ಲಿ ದಪ್ಪವಾಗುತ್ತಾ, ಬಲಗೈಯಲ್ಲಿ ತೆಳ್ಳಗಾಗುತ್ತಾ ಹೋಗುತ್ತದಲ್ಲ, ಅದು ಇಲ್ಲಿ ಇಲ್ಲ. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ.

ಕಾಗದಪಕ್ಷ

ಅರ್ಧ ಬಲ ಇದ್ದರೂ ಬಲವೇ.

ನಿಧಾನಗತಿ

ಪುಟಮಡಿಕೆ ಅವರೇ, ನಾನು ಹೇಳುವುದು ಒಂದೇ. ಕಾಗದದ ಪುಸ್ತಕಕ್ಕೆ ಬದಲಿ ಅಂತ ಅದನ್ನು ಹಿಡಿಯಬೇಡಿ. ಯಾವ ಓದಿಗೆ ಅದು, ಯಾವ ಓದಿಗೆ ಕಾಗದ ಅಂತ ಮೊದಲೇ ಪಾಲು ಮಾಡಿ. ನನ್ನ ಪಾಲು ಹೀಗಿದೆ. ಮೊದಲ ಪುಟದಿಂದ ಕೊನೆಯ ಪುಟಕ್ಕೆ ನೇರ ಓಡುವ ಕಾದಂಬರಿ, ಪ್ರವಾಸ ಕಥನ, ಆತ್ಮಕಥೆ, ಇವು ಇ-ರೀಡರಿಗೆ. ಹಿಂದೆ ಮುಂದೆ ತಿರುವಿ ನೋಡಬೇಕಾದ್ದು ಕಾಗದಕ್ಕೆ: ಅಡುಗೆ, ವ್ಯಾಕರಣ, ನಕ್ಷೆ ಇರುವ ಇತಿಹಾಸ. ಪದ್ಯವೂ ಕಾಗದಕ್ಕೇ. ಅಕ್ಷರ ದೊಡ್ಡದು ಮಾಡಿದರೆ ಸಾಲು ಎಲ್ಲೆಲ್ಲೋ ಮುರಿದು ಪದ್ಯದ ಲಯವೇ ಹೋಗುತ್ತದೆ.

ಶುರು ಮಾಡುವುದಕ್ಕೆ ಒಮ್ಮೆ ಓದಿ ಮೆಚ್ಚಿದ ಕಾದಂಬರಿ ಒಳ್ಳೆಯದು. ಕಥೆ ಗೊತ್ತಿರುವುದರಿಂದ "ಎಲ್ಲಿದ್ದೇನೆ" ಅನ್ನುವ ಗೊಂದಲ ಇರುವುದಿಲ್ಲ. ಕೈಗೂ ಕಣ್ಣಿಗೂ ಯಂತ್ರ ಪಳಗುತ್ತದೆ. ಆಮೇಲೆ ಹೊಸದಕ್ಕೆ ಹೋಗಿ.

ಶೇಕಡಾ ಲೆಕ್ಕ ತೆಗೆದುಹಾಕಿ. ಪರದೆಯ ಕೆಳಮೂಲೆ ಒತ್ತಿದರೆ ಅದು ಬದಲಾಗುತ್ತದೆ, ಕೆಲವದರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಬೇಕು. "ಈ ಅಧ್ಯಾಯದಲ್ಲಿ ಉಳಿದ ಪುಟ" ಅನ್ನುವುದನ್ನು ಇಟ್ಟುಕೊಳ್ಳಿ. ಇನ್ನು ನಾಲ್ಕು ಪುಟ ಅಂದರೆ ಓದಿ ಮುಗಿಸೋಣ ಅನಿಸುತ್ತದೆ. ಶೇ. 43 ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ.

ಹಳೆಯ ಮಾತು ಹುಡುಕಬೇಕಾದರೆ ಪುಟ ತಿರುವಬೇಡಿ, ಸರ್ಚ್ ಬಳಸಿ. ಪಾತ್ರದ ಹೆಸರು ಹಾಕಿದರೆ ಅದು ಬಂದ ಜಾಗವೆಲ್ಲ ಸಾಲಾಗಿ ಬರುತ್ತದೆ. ಪಾತ್ರಗಳು ಜಾಸ್ತಿ ಇರುವ ದೊಡ್ಡ ಕಾದಂಬರಿಯಲ್ಲಿ ಇದು ಕಾಗದಕ್ಕಿಂತ ಮೇಲು, ಕಾಗದಪಕ್ಷ ಅವರು ಏನೇ ಅನ್ನಲಿ.

ಮತ್ತೆ ನೂರಾರು ಪುಸ್ತಕ ತುಂಬಬೇಡಿ. ಒಂದನ್ನು ತೆರೆದು ಎರಡು ಪುಟ, ಇನ್ನೊಂದನ್ನು ತೆರೆದು ಎರಡು ಪುಟ. ಅಲ್ಲಿಗೆ ಓದು ಮುಗಿಯಿತು.

ಚಾಳೀಸು

ಅಕ್ಷರದ ಅಳತೆಯ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಇದರಲ್ಲಿ ಬೇರೆ ಎಲ್ಲಕ್ಕಿಂತ ಮುಖ್ಯ ಅದೇ.

ನನ್ನ ಅಮ್ಮ ಓದುವುದನ್ನೇ ನಿಲ್ಲಿಸಿದ್ದರು. ಕಣ್ಣು ಸೋತಿದೆ ಅಂತ ಎಲ್ಲರೂ ಸುಮ್ಮನಾಗಿದ್ದೆವು. ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಪುಸ್ತಕ ಎಷ್ಟು ಸಿಗುತ್ತವೆ ಹೇಳಿ? ಇ-ರೀಡರಿನಲ್ಲಿ ಯಾವ ಪುಸ್ತಕವೂ ದೊಡ್ಡಕ್ಷರದ ಪುಸ್ತಕವೇ. ಅಕ್ಷರ ದಪ್ಪ ಮಾಡಿದೆ, ಸಾಲುಗಳ ನಡುವೆ ಜಾಗ ಹೆಚ್ಚಿಸಿದೆ, ಅಂಚು ಕಡಿಮೆ ಮಾಡಿದೆ. ಪರದೆಗೆ ಕೆಲವೇ ಸಾಲು ಹಿಡಿಯುತ್ತದೆ, ಪುಟ ಬೇಗ ಬೇಗ ತಿರುಗಿಸಬೇಕು. ಅದು ಅವರಿಗೆ ಲೆಕ್ಕಕ್ಕೇ ಇಲ್ಲ.

ಬೆರಳು ನೋವಿರುವವರು ಬದಿಯಲ್ಲಿ ಗುಂಡಿ ಇರುವ ಮಾದರಿ ನೋಡಿ. ಪರದೆ ಮುಟ್ಟುವುದಕ್ಕಿಂತ ಗುಂಡಿ ಒತ್ತುವುದು ಅವರಿಗೆ ಸಲೀಸು. ದಪ್ಪ ಪುಸ್ತಕವನ್ನು ಎತ್ತಿ ಹಿಡಿಯಲಾರದವರು ಇದನ್ನು ಸ್ಟ್ಯಾಂಡಿಗೆ ಆನಿಸಿಟ್ಟು ಓದಬಹುದು.

ಪುಟಮಡಿಕೆ

ಮಿಂಚನ್ನು ಅಧ್ಯಾಯಕ್ಕೊಮ್ಮೆ ಮಾಡಿದೆ. ಶೇಕಡಾ ತೆಗೆದೆ. ನಿಜ ಹೇಳಬೇಕೆಂದರೆ, ಹೋಗಲಿ ಅಂದುಕೊಂಡಿದ್ದ ಆ ಶೇಕಡಾ ತೆಗೆದದ್ದೇ ದೊಡ್ಡ ಬಿಡುಗಡೆ. ಹಳೆಯ ಕಾದಂಬರಿ ಹಾಕಿಕೊಂಡು ಓದುತ್ತಿದ್ದೇನೆ. ಆದರೆ ಪಿಡಿಎಫ್ ಮಾತ್ರ ಜಗ್ಗುತ್ತಿಲ್ಲ. ಅಕ್ಷರ ದೊಡ್ಡದು ಮಾಡುವ ಗುಂಡಿಯೇ ಅದರಲ್ಲಿ ಕೆಲಸ ಮಾಡುವುದಿಲ್ಲ.

ಕಡತರಿಪೇರಿ

ಮಾಡುವುದೂ ಇಲ್ಲ. ಪಿಡಿಎಫ್ ಹುಟ್ಟಿದ್ದು 1993ರಲ್ಲಿ, ಹಾಳೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೆಯೇ ಕಾಣಲಿ ಅಂತ. ಪ್ರತಿ ಅಕ್ಷರಕ್ಕೂ ಹಾಳೆಯ ಮೇಲೆ ಇಂಥದೇ ಜಾಗ ಅಂತ ಗೊತ್ತುಮಾಡಿರುತ್ತದೆ. ದೊಡ್ಡ ಹಾಳೆಯನ್ನು ಆರು ಇಂಚಿಗೆ ಕುಗ್ಗಿಸಿದರೆ ಅಕ್ಷರವೂ ಕುಗ್ಗಲೇಬೇಕು.

ನಿಮಗೆ ಬೇಕಾದ್ದು ಇಪಬ್. 2007ರಲ್ಲಿ ಬಂದ ಮಾದರಿ. ಅದು ನಿಜಕ್ಕೂ ಒಂದು ಜಿಪ್ ಕಟ್ಟು, ಒಳಗೆ ಇರುವುದು ವೆಬ್ ಪುಟಗಳಂಥ ಪುಟಗಳು. ಜಾಗ ಎಷ್ಟಿದೆಯೋ ಅಷ್ಟಕ್ಕೆ ಸಾಲು ತಾನಾಗಿ ಹೊಂದಿಕೊಳ್ಳುತ್ತದೆ. ಒಂದೇ ಪುಸ್ತಕ ಎರಡೂ ರೂಪದಲ್ಲಿ ಸಿಕ್ಕರೆ ಕಣ್ಣುಮುಚ್ಚಿ ಇಪಬ್ ತೆಗೆದುಕೊಳ್ಳಿ.

ಪಿಡಿಎಫ್ ಮಾತ್ರ ಇದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನಲ್ಲಿ ತೆರೆದು ಒಂದು ಸಾಲನ್ನು ಆರಿಸಿ, ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿ. ಸಾಲು ಸರಿಯಾಗಿ ಬಂದರೆ ಕ್ಯಾಲಿಬರ್ ಅನ್ನುವ ತಂತ್ರಾಂಶದಲ್ಲಿ ಇಪಬ್ ಮಾಡಬಹುದು. ಉಚಿತ ತಂತ್ರಾಂಶ. ಕೋವಿದ್ ಗೋಯಲ್ ಅವರು 2006ರಲ್ಲಿ ತಮ್ಮ ಸೋನಿ ರೀಡರಿಗೋಸ್ಕರ ಬರೆಯಲು ಶುರು ಮಾಡಿದ್ದು, ಇವತ್ತಿಗೂ ಬೆಳೆಯುತ್ತಲೇ ಇದೆ. ಮಾಡಿದ ಮೇಲೆ ಪುಟದ ತಲೆಯ ಹೆಸರು, ಪುಟಸಂಖ್ಯೆ ಎಲ್ಲ ಮಧ್ಯೆ ಮಧ್ಯೆ ನುಸುಳಿರುತ್ತವೆ. ಅದಕ್ಕೆ ಸಿದ್ಧರಾಗಿರಿ.

ಸಾಲು ಆರಿಸಲಿಕ್ಕೇ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅದನ್ನು ಹಾಗೇ ಇಟ್ಟು, ಸುತ್ತಲಿನ ಬಿಳಿ ಅಂಚು ಕತ್ತರಿಸಿ, ಪರದೆಯನ್ನು ಅಡ್ಡ ತಿರುಗಿಸಿ ಓದಿ. ಅರ್ಧ ಪುಟ ಒಮ್ಮೆಗೆ ಬರುತ್ತದೆ. ಆರು ಇಂಚಿನಲ್ಲಿ ಇದಕ್ಕಿಂತ ಸುಖ ಇಲ್ಲ.

ಕನ್ನಡದ ಕಡತಗಳಲ್ಲಿ ಮೂರನೆಯದೂ ಒಂದಿದೆ. ಪೇಸ್ಟ್ ಮಾಡಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಕಂಪ್ಯೂಟರುಗಳಲ್ಲಿ ಇರುವ ಒಂದೇ ಸಂಕೇತಪಟ್ಟಿ. ಅದರಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಬಹಳ ಕಾಲ ಪುಸ್ತಕಗಳನ್ನು "ನುಡಿ", "ಬರಹ" ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಜೋಡಿಸುತ್ತಿದ್ದರು. ಅಂಥ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು, ಆಮೇಲೆ ಇಪಬ್. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಮಾತ್ರ ಬೇರೆ ಕಾಯಿಲೆ. ಅಕ್ಷರ ಕೂಡಿಸುವ ಕೆಲಸ ಆ ಯಂತ್ರದ ತಂತ್ರಾಂಶಕ್ಕೆ ಬರುತ್ತಿಲ್ಲ ಅಂತ ಅರ್ಥ. ತಂತ್ರಾಂಶ ಅಪ್‌ಡೇಟ್ ಮಾಡಿ, ಒಳ್ಳೆಯ ಯೂನಿಕೋಡ್ ಫಾಂಟ್ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಆ ಯಂತ್ರದಲ್ಲಿ ಕನ್ನಡ ಓದುವ ಆಸೆ ಬಿಡಿ.

ಕಾಗದಪಕ್ಷ

ಅಷ್ಟೆಲ್ಲ ರಿಪೇರಿ ಮಾಡಿ ಕೊನೆಗೆ ಪುಸ್ತಕ ನಿಮ್ಮದೂ ಅಲ್ಲ. ಅದನ್ನು ಯಾರೂ ಎತ್ತಲಿಲ್ಲ ನೋಡಿ.

2009ರ ಜುಲೈಯಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ "1984" ಕಾದಂಬರಿಯ ಪ್ರತಿಗಳನ್ನು ಅವರವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕು ಇರಲಿಲ್ಲ ಅನ್ನುವುದು ಕಾರಣ. ದುಡ್ಡು ವಾಪಸ್ ಬಂತು, ಕಂಪನಿಯ ಮುಖ್ಯಸ್ಥರೇ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ದುಡ್ಡು ವಾಪಸ್, ಪುಸ್ತಕಗಳೆಲ್ಲ ಮಾಯ. 2025ರ ಫೆಬ್ರವರಿಯಲ್ಲಿ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಹಾಕಿಕೊಳ್ಳುವ ದಾರಿಯನ್ನೂ ಅಮೆಜಾನ್ ನಿಲ್ಲಿಸಿತು.

ನನ್ನ ಕಪಾಟಿನ ಪುಸ್ತಕ ಯಾರಿಗಾದರೂ ಕೊಡಬಹುದು, ಮಾರಬಹುದು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು. ನಿಮ್ಮ ಖಾತೆಯ ಪಾಸ್‌ವರ್ಡ್ ಹೋದರೆ ಏನು ಕೊಡುತ್ತೀರಿ?

ಕಡತರಿಪೇರಿ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನೀವು ಹೇಳಿದ್ದು ಅಷ್ಟೂ ನಿಜ. ನಕಲು ತಡೆಯುವ ಬೀಗ ಇಲ್ಲದ ಇಪಬ್ ಮಾರುವ ಪ್ರಕಾಶಕರು ಇದ್ದಾರೆ, ಸಾಧ್ಯವಾದಾಗ ಅವರಿಂದ ಕೊಳ್ಳುತ್ತೇನೆ. ಅದರ ಪ್ರತಿ ಬೇರೆ ಡಿಸ್ಕಿನಲ್ಲಿ ಇರುತ್ತದೆ. ಹಕ್ಕಿನ ಅವಧಿ ಮುಗಿದ ಹಳೆಯ ಪುಸ್ತಕಗಳಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ, 1971ರಿಂದ ನಡೆಯುತ್ತಿದೆ. ಉಳಿದದ್ದು, ಒಮ್ಮೆ ಓದಿ ಬಿಡುವಂಥದ್ದು, ಅಂಗಡಿಯ ಬೀಗದಲ್ಲೇ ಇರಲಿ. ಮನಸ್ಸಿಗೆ ಹತ್ತಿದ ಪುಸ್ತಕವಾದರೆ ಕಾಗದದಲ್ಲಿ ಇನ್ನೊಂದು ಪ್ರತಿ ತರುತ್ತೇನೆ.

ಪುಟಮಡಿಕೆ

ಪಿಡಿಎಫ್‌ಗಳಲ್ಲಿ ಅರ್ಧಕ್ಕರ್ಧ ಸ್ಕ್ಯಾನ್ ಮಾಡಿದವೇ. ಅಡ್ಡ ತಿರುಗಿಸಿ ಓದುತ್ತಿದ್ದೇನೆ, ಪರವಾಗಿಲ್ಲ.

ಈಗ ವಾಚಿನ ಕಾಟ. ಏಳು ಅನ್ನುತ್ತದೆ, ನಡೆ ಅನ್ನುತ್ತದೆ, ಉಸಿರಾಡು ಅನ್ನುತ್ತದೆ. ಉಸಿರಾಡದೆ ಇನ್ನೇನು ಮಾಡುತ್ತಿದ್ದೇನೆ? ಬೆಳಿಗ್ಗೆ ಎದ್ದರೆ ನಿದ್ದೆಗೆ ಅಂಕ. ಚೆನ್ನಾಗಿ ಮಲಗಿದೆ ಅಂದುಕೊಂಡ ದಿನ ಕಡಿಮೆ ಅಂಕ ಕೊಟ್ಟು ಮನಸ್ಸು ಕೆಡಿಸುತ್ತದೆ. ಓದಲು ಕೂತಾಗಲೇ ಮೆಸೇಜು ಬಂತು ಅಂತ ಮಣಿಕಟ್ಟು ನಡುಗಿಸುತ್ತದೆ.

ಚಾಳೀಸು

ಉಸಿರಾಡು ಅನ್ನುವುದನ್ನು ಮೊದಲ ದಿನವೇ ಆಫ್ ಮಾಡಬೇಕು 😄

ಅಡಿಟಿಪ್ಪಣಿ

ನಿದ್ದೆಯ ಅಂಕವನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ನಿದ್ದೆ ಅಳೆಯುವಾಗ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುತ್ತಾರೆ. ವಾಚಿಗೆ ಗೊತ್ತಾಗುವುದು ಕೈ ಅಲುಗಿದ್ದು ಮತ್ತು ನಾಡಿ. ಹಿಂದೆ ಹಸಿರು ದೀಪ ಹೊಳೆಯುತ್ತದಲ್ಲ, ರಕ್ತ ಆ ಬೆಳಕನ್ನು ಎಷ್ಟು ಹೀರಿತು ಅನ್ನುವುದರಿಂದ ನಾಡಿ ಲೆಕ್ಕ ಹಾಕುತ್ತದೆ. ಅದರಿಂದ ಗಾಢ ನಿದ್ದೆ, ಕನಸಿನ ನಿದ್ದೆ ಅಂತ ಅಂದಾಜು ಮಾಡುತ್ತದೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಇಷ್ಟನ್ನು ಸುಮಾರಾಗಿ ನಂಬಬಹುದು.

10,000 ಹೆಜ್ಜೆಯ ಗುರಿಯೂ ಹಾಗೆಯೇ. ಅದು ವೈದ್ಯರ ಲೆಕ್ಕದಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ ಆ ಸಂಖ್ಯೆ ಇತ್ತು. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಅಪಾಯ ಚೆನ್ನಾಗಿ ಇಳಿದಿತ್ತು. ಸುಮಾರು 7,500 ದಾಟಿದ ಮೇಲೆ ಜಾಸ್ತಿ ಲಾಭ ಕಾಣಲಿಲ್ಲ. ಗುರಿಯನ್ನು ನೀವೇ ಇಳಿಸಿ, ಆ ಆಯ್ಕೆ ಇದೆ.

ನಿಧಾನಗತಿ

ನೋಟಿಫಿಕೇಶನ್ ವಿಷಯಕ್ಕೆ, ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡಿ. ಆಮೇಲೆ ಬೇಕು ಅನಿಸಿದ್ದನ್ನು ಒಂದೊಂದಾಗಿ ಒಳಗೆ ಬಿಡಿ. ಒಂದೊಂದಾಗಿ ಬಂದ್ ಮಾಡುತ್ತಾ ಹೋದರೆ ಮುಗಿಯುವುದೇ ಇಲ್ಲ. ನನ್ನ ವಾಚಿನಲ್ಲಿ ಈಗ ಉಳಿದಿರುವುದು ಮನೆಯವರ ಕರೆ ಮತ್ತು ಅಲಾರಂ. ಇ-ರೀಡರನ್ನೂ ಏರೋಪ್ಲೇನ್ ಮೋಡಿನಲ್ಲೇ ಇಡಿ. ವಾರಗಟ್ಟಲೆ ಬ್ಯಾಟರಿ ಅಂತ ಡಬ್ಬಿಯ ಮೇಲೆ ಬರೆಯುವಾಗ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಆಫ್ ಅನ್ನುವ ಲೆಕ್ಕ ಹಿಡಿದಿರುತ್ತಾರೆ. ಸಣ್ಣ ಅಕ್ಷರದಲ್ಲಿ ಅದೂ ಇರುತ್ತದೆ.

ಕಿವಿಮಾತು

ತಡವಾಗಿ ಸೇರಿಕೊಂಡೆ. ಓದಲಾಗದ ಹೊತ್ತಿನಲ್ಲಿ ಇಯರ್‌ಬಡ್ಸ್ ಹಾಕಿಕೊಂಡು ಪುಸ್ತಕ ಕೇಳುವವಳು ನಾನು. ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿಸಿದರೆ ಆ ಹೊತ್ತು ಅರ್ಧವಾಗುತ್ತದೆ. ಸುತ್ತ ಗದ್ದಲ ಇದ್ದಾಗ ನಾವು ಗೊತ್ತಿಲ್ಲದೆ ಏರಿಸುತ್ತಾ ಹೋಗುತ್ತೇವೆ. ಹೊರಗಿನ ಸದ್ದು ತಡೆಯುವ ಮಾದರಿಯಾದರೆ ಕಡಿಮೆ ಸದ್ದಿನಲ್ಲೇ ಕೇಳುತ್ತದೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಸದ್ದು ತಡೆಯುವುದನ್ನು ಆಫ್ ಮಾಡಿ.

ನನ್ನದೂ ಒಂದು ಪ್ರಶ್ನೆ ಇದೆ. ಬಣ್ಣದ ಇ-ರೀಡರ್ ತಗೊಳ್ಳಬಹುದಾ? ಮಕ್ಕಳ ಪುಸ್ತಕ ಓದಿ ಹೇಳಬೇಕು. ಮತ್ತೆ ಚೀಲದಲ್ಲಿ ಹಾಕಿಕೊಂಡು ಓಡಾಡಿದರೆ ಒಡೆಯುತ್ತದಾ?

ಮಸಿಕುಡಿಕೆ

ಈಗಿನ ಬಣ್ಣದ ಇ-ರೀಡರುಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪು ಪರದೆಯ ಮೇಲೆ ಬಣ್ಣದ ಜಾಲರಿ ಹಾಕಿದಂಥವು. ಜಾಲರಿ ಬೆಳಕು ನುಂಗುವುದರಿಂದ ಪರದೆ ಸ್ವಲ್ಪ ಮಂಕು, ದೀಪ ಜಾಸ್ತಿ ಇಡಬೇಕಾಗುತ್ತದೆ. ಅಕ್ಷರ ಇಂಚಿಗೆ 300 ಚುಕ್ಕೆ ಬಂದರೆ ಬಣ್ಣ ಬರುವುದು 150 ಮಾತ್ರ. ಪುಟ್ಟ ಚಿತ್ರ, ಗುರುತು ಹಾಕಿದ ಸಾಲು, ಮುಖಪುಟ, ಇವಕ್ಕೆ ಸಾಕು. ಮಕ್ಕಳ ಚಿತ್ರಪುಸ್ತಕಕ್ಕೆ ಬೇಡ. ಅದಕ್ಕೆ ಕಾಗದವೇ ಸರಿ, ಕಾಗದಪಕ್ಷ ಅವರು ಖುಷಿಪಡಲಿ.

ಚೀಲದಲ್ಲಿ ಒಡೆಯುತ್ತದೆ. ಮೇಲೆ ಗೀರು ಕೂಡ ಇರುವುದಿಲ್ಲ, ಪರದೆ ಅರ್ಧ ಸತ್ತಿರುತ್ತದೆ. ಮಸಿಯ ಪದರದ ಹಿಂದೆ ತೆಳ್ಳನೆಯ ಗಾಜು ಇರುವ ಮಾದರಿಗಳೇ ಜಾಸ್ತಿ. ಒಂದೇ ಜಾಗದಲ್ಲಿ ಒತ್ತಡ ಬಿದ್ದರೆ ಅದು ಬಿರುಕು ಬಿಡುತ್ತದೆ. ಬೀಗದ ಕೈ, ಚಾರ್ಜರ್, ನೀರಿನ ಬಾಟಲಿ ಇರುವ ಖಾನೆಯಲ್ಲಿ ಇಡಬೇಡಿ. ಮುಂದೆ ಗಟ್ಟಿಯಾಗಿ ಮುಚ್ಚುವ ಕವರ್ ಹಾಕಿ, ಪರದೆಯ ಬದಿ ಒಳಗೆ ಬರುವಂತೆ ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡು ಹೋಗಿ.

ಕಿವಿಮಾತು

ಎರಡು ಪುಸ್ತಕ ಹೊರುವುದಾದರೆ ಇದು ಯಾಕೆ ಅಂತ ಈಗ ಕಾಗದಪಕ್ಷ ಅವರು ಬರುತ್ತಾರೆ ನೋಡಿ.

ಕಾಗದಪಕ್ಷ

ಬಂದೆ.